216 ಮ್ಯಾಗ್ನೆಟ್ ಗುಂಡಲ್ಲಿ ಮೂರು ಕಾಣ್ತಿಲ್ಲ, ಬೆಳಗ್ಗೆವರೆಗೆ ಕಾಯಬಹುದಾ?

ಮೈಸೂರಮ್ಮ, ಸಂಜೆ 7:40

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಬೇಗ ಉತ್ತರ ಬೇಕು. ನನ್ನ ದೊಡ್ಡ ಮಗನಿಗೆ ಆರು ವರ್ಷ. ಹೋದ ವಾರ ಅವನ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಆನ್‌ಲೈನಲ್ಲಿ ಮ್ಯಾಗ್ನೆಟ್ ಗುಂಡುಗಳ ಡಬ್ಬಿ ತರಿಸಿಕೊಟ್ಟ. ಬಟಾಣಿಗಿಂತ ಚಿಕ್ಕವು, ಕೇಕ್ ಮೇಲೆ ಹಾಕ್ತಾರಲ್ಲ ಬೆಳ್ಳಿ ಗುಂಡು, ಥೇಟ್ ಹಾಗೇ ಹೊಳೀತವೆ. ಡಬ್ಬಿ ಮೇಲೆ 5 ಎಂಎಂ, 216 ಅಂತ ಇದೆ. ಇವತ್ತು ಎತ್ತಿಡೋವಾಗ ಎಣಿಸಿದೆ, 213. ಆರಾರಲ ಮೂವತ್ತಾರರ ಪದರ ಮಾಡಿ ಮತ್ತೆ ಎಣಿಸಿದೆ, ಕೊನೇ ಪದರದಲ್ಲಿ ಮೂರು ಜಾಗ ಖಾಲಿ.

ಮಗನ್ನ ಕೇಳಿದ್ರೆ "ನಾನು ನುಂಗಿಲ್ಲ" ಅಂತಾನೆ. ನನ್ನ ಮುಖ ನೋಡಿ ಹೆದರಿ ಹೇಳಿದ ಮಾತು, ಎಷ್ಟು ನಂಬೋದೋ ಗೊತ್ತಿಲ್ಲ. ಹೊಟ್ಟೆನೋವಿಲ್ಲ, ಆಡ್ಕೊಂಡೇ ಇದಾನೆ. ಅತ್ತೆ ಬಾಳೆಹಣ್ಣು ಸುಲೀತಿದ್ದಾರೆ, ಎರಡು ತಿಂದ್ರೆ ಬೆಳಗ್ಗೆ ಹೊತ್ತಿಗೆ ತಾನೇ ಹೋಗುತ್ತಂತೆ. ನಮ್ಮನೆಯವರು ನಾಳೆ ನೋಡೋಣ ಅಂತಾರೆ. ಕಾಯಬಹುದಾ?

ಹಳೇಸೈಕಲ್, 7:52

ಗಾಬರಿ ಬೇಡಮ್ಮ. ನಾನು ಚಿಕ್ಕವನಿದ್ದಾಗ ನಾಲ್ಕಾಣೆ ನುಂಗಿದ್ದೆ, ಮೂರನೇ ದಿನ ಹಾಗೇ ಹೊರಗೆ ಬಂತು. ಅಜ್ಜಿ ತೊಳೆದು ಹುಂಡಿಗೆ ಹಾಕಿದ್ರು.

ಧಾರವಾಡದಾಕಿ, 8:03

ಮ್ಯಾಲಿನ ಅಣ್ಣಾರ ಮಾತು ಕೇಳಬ್ಯಾಡ್ರಿ ಅಕ್ಕಾರ. ನಾಲ್ಕಾಣೆ ಬ್ಯಾರೆ, ಇದು ಬ್ಯಾರೆ. ಬಾಳೆಹಣ್ಣ ಕೊಡಬ್ಯಾಡ್ರಿ, ವಾಂತಿ ಮಾಡಸಾಕೂ ಹೋಗಬ್ಯಾಡ್ರಿ. ಮೊದಲ ಮನಿ ಬಿಡ್ರಿ, ಇದನ್ನ ಗಾಡ್ಯಾಗ ಕುಂತು ಓದ್ರಿ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಮಗಗ ಆಗ ಎಂಟು ವರ್ಷ, ಸಿಕ್ಕಿದ್ದು ಬಾಯಾಗ ಇಡೋ ವಯಸ್ಸಲ್ಲ ನೋಡ್ರಿ. ನಾಲಿಗಿ ಮ್ಯಾಲೊಂದು ಕೆಳಗೊಂದು ಗುಂಡು ಹಚ್ಚಿ, ನಾಲಿಗಿಗೆ ಮುತ್ತು ಚುಚ್ಚಿಸೇನಿ ಅಂತ ಗೆಳ್ಯಾರಿಗೆ ತೋರಸಾಕ ಹೋಗ್ಯಾನ. ನಗಿ ಬಂದು ಎರಡೂ ನುಂಗ್ಯಾನ. ಮರುದಿನ ಮತ್ತ ಅದ ಆಟ, ಮತ್ತೆರಡು. ಬೈತೀನಿ ಅಂತ ನನಗ ಹೇಳಿಲ್ಲ. ಎರಡು ದಿನ ಆರಾಮ ಆಡಿಕೊಂತ ಇದ್ದ, ಅದಕ್ಕ ಹೇಳಾಕತ್ತೀನಿ, ನಿಮ್ಮ ಮಗ ಆಡಾಕತ್ತಾನ ಅಂತ ಸುಮ್ಮನ ಕುಂದರಬ್ಯಾಡ್ರಿ.

ಮೂರನೇ ದಿನ ವಾಂತಿ ಶುರು ಆತು. ಓಣ್ಯಾಗಿನ ಡಾಕ್ಟರು ಜಾತ್ರ್ಯಾಗ ಏನರ ತಿಂದಿರಬೇಕು ಅಂತ ಗ್ಯಾಸಿನ ಔಷಧ ಬರದು ಕೊಟ್ರು. ನಾನೂ ನಂಬಿದೆ, ಜಾತ್ರ್ಯಾಗ ನಾಲ್ಕು ಮಿರ್ಚಿ ತಿಂದಿದ್ದು ಖರೇನ. ಐದನೇ ದಿನ ಜ್ವರ, ಹೊಟ್ಟಿ ಹಲಗಿ ಆದಂಗ ಬಿಗದಿತ್ತು. ಎಕ್ಸ್‌ರೇದಾಗ ನಾಲ್ಕು ಮಣಿ ಒಂದೇ ಸಾಲಿನ್ಯಾಗ, ಹರದ ಜಪಮಾಲಿ ತುಂಡು ಇದ್ದಂಗ.

ಮೊದಲನೇ ದಿನದ್ದು ಕರುಳಿನ್ಯಾಗ ಮುಂದ ಹೋಗಿದ್ವು, ಮರುದಿನದ್ದು ಹಿಂದ ಇದ್ವು. ಕರುಳು ಸುತ್ತಿಕೊಂಡು ಇರ್ತದಲ್ಲ, ಒಂದು ಸುತ್ತಿನ್ಯಾಗಿನ ಗುಂಡು ಇನ್ನೊಂದು ಸುತ್ತಿನ್ಯಾಗಿನ ಗುಂಡನ್ನ ಎಳದು ಹಿಡದಾವ. ನಡುವ ಸಿಕ್ಕ ಕರುಳಿಗೆ ರಕ್ತ ಹರಿಲಾರದ ಅದು ಸತ್ತು ತೂತು ಬಿದ್ದಿತ್ತು. ಗೇಣುದ್ದ ಕರುಳು ಕೊಯ್ದು ತಗದ್ರು. ಹನ್ನೊಂದು ದಿನ ದವಾಖಾನ್ಯಾಗ ನೆಲದ ಮ್ಯಾಲ ಮಲಗೀನಿ. ಈಗ ಆರಾಮ ಅದಾನ, ಆದ್ರ ಈಜಾಕ ಹೋದ್ರ ಅಂಗಿ ಬಿಚ್ಚಂಗಿಲ್ಲ.

ಹೊಂಟ್ರಿ ಹೌದಿಲ್ಲೋ?

ಎಕ್ಸ್‌ರೇ_ರೂಮಿನವ, 8:15

ಧಾರವಾಡದ ಅಕ್ಕ ಹೇಳಿದ್ದಕ್ಕೆ ಒಂದಿಷ್ಟು ಸೇರಿಸ್ತೀನಿ. ಹದಿನಾಲ್ಕು ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್ ನಾನು. ಆಸ್ಪತ್ರೆ ಕೌಂಟರಲ್ಲಿ "ಏನೋ ನುಂಗಿರಬಹುದು" ಅನ್ನಬೇಡಿ, "ಮ್ಯಾಗ್ನೆಟ್" ಅನ್ನೋ ಪದ ಮೊದಲು ಬಾಯಿಂದ ಬರಲಿ. ಡಬ್ಬಿ ಕೈಯಲ್ಲೇ ಇರಲಿ. ಎಂಡೋಸ್ಕೋಪಿ ಮಾಡೋ ಡಾಕ್ಟರು (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ತೆಗೆಯೋರು) ಮತ್ತು ಮಕ್ಕಳ ಸರ್ಜನ್ ಇಬ್ಬರೂ ಇರೋ ಕಡೆಗೇ ನೇರ ಹೋಗಿ, ನಡುವೆ ಕ್ಲಿನಿಕ್ ಸುತ್ತಬೇಡಿ. ಮುಂದಿನಿಂದ ಒಂದೇ ಫಿಲ್ಮ್ ಸಾಲದು, ಗುಂಡುಗಳು ಒಂದರ ಹಿಂದೆ ಒಂದು ನಿಂತ್ರೆ ಒಂದೇ ಅನ್ನೋ ಹಾಗೆ ಕಾಣುತ್ತೆ. ಪಕ್ಕದಿಂದಲೂ ತೆಗೆಯೋಕೆ ಕೇಳಿ. ಎಂಆರ್‌ಐ ಮಾತ್ರ ಖಂಡಿತ ಬೇಡ, ಅದೇ ಒಂದು ದೊಡ್ಡ ಮ್ಯಾಗ್ನೆಟ್.

ಜೇನುತುಪ್ಪ ಕೊಡಿ ಅಂತ ಯಾರಾದ್ರೂ ವಾಟ್ಸ್ಆಪ್ ಕಳಿಸ್ತಾರೆ ನೋಡ್ತಿರಿ. ಅದು ಬಟನ್ ಸೆಲ್ ನುಂಗಿದಾಗ, ಒಂದು ವರ್ಷ ದಾಟಿದ ಮಕ್ಕಳಿಗೆ, ಆಸ್ಪತ್ರೆ ದಾರೀಲಿ ಕೊಡೋದು. ಇದಕ್ಕಲ್ಲ.

ಅಂದಹಾಗೆ "ದೊಡ್ಡ ಮಗ" ಅಂದ್ರಲ್ಲ. ಮನೇಲಿ ಇನ್ನೊಂದು ಮಗು ಇದೆಯಾ?

ಮೈಸೂರಮ್ಮ, 8:19

ಇದೆ. ಮಗಳು, ಒಂದೂವರೆ ವರ್ಷ. ಅಯ್ಯೋ, ಅವಳ ಕಡೆ ನನ್ನ ತಲೆ ಓಡಲೇ ಇಲ್ಲ. ಇಬ್ಬರನ್ನೂ ಕರ್ಕೊಂಡು ಹೊರಟೆ.

ಗೊಂಬೆಅಂಗಡಿ_ತುಮಕೂರು, 9:31

ಹೋಗಿ ಬನ್ನಿ ಅಮ್ಮ, ಒಳ್ಳೆದಾಗ್ಲಿ. ಉಳಿದವರಿಗೆ ಒಂದು ಮಾತು. ಈ ಗುಂಡುಗಳನ್ನ ನಾನು ಅಂಗಡೀಲಿ ಇಡಲ್ಲ, ಗಿರಾಕಿಗಳು ಕೇಳಿ ಕೇಳಿ ಬೈದು ಹೋಗಿದ್ದಾರೆ. 2021ರ ಜನವರಿ 1ರಿಂದ ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನುಂಗೋ ಗಾತ್ರದ ಬಿಡಿ ಮ್ಯಾಗ್ನೆಟ್ಟಿಗೆ ಸೆಳೆತದ ಮಿತಿ ಇದೆ, ಆ ಸೆಳೆತ ಅಳೆಯೋ ಫ್ಲಕ್ಸ್ ಇಂಡೆಕ್ಸ್ 50ರ ಒಳಗಿರಬೇಕು. ಈ ಗುಂಡುಗಳು ನಿಯೋಡಿಮಿಯಂ ಅನ್ನೋ ತುಂಬಾ ಜೋರಾದ ಮ್ಯಾಗ್ನೆಟ್, ಅದನ್ನ ಎಲ್ಲೋ ದಾಟಿರುತ್ತೆ. ಅದಕ್ಕೇ ಮಾರೋರು ಆಟಿಕೆ ಅಂತ ಬರೆಯೋದೇ ಇಲ್ಲ. ಡಬ್ಬಿ ತಿರುಗಿಸಿ ನೋಡಿ, "ದೊಡ್ಡವರ ಸ್ಟ್ರೆಸ್ ಕಳೆಯೋಕೆ" ಅಂತಿರುತ್ತೆ. ಚಿತ್ರದಲ್ಲಿ ಮಾತ್ರ ಕಾಮನಬಿಲ್ಲಿನ ಬಣ್ಣ!

ಅಮೆರಿಕದಲ್ಲೂ ಇದೇ ಹಗ್ಗಜಗ್ಗಾಟ. 2014ರಲ್ಲಿ ನಿಯಮ ತಂದ್ರು, 2016ರಲ್ಲಿ ಕೋರ್ಟು ತೆಗೆದುಹಾಕ್ತು, 2022ರಲ್ಲಿ ಮತ್ತೆ ತಂದ್ರು. 2017ರಿಂದ 2021ರವರೆಗೆ ವರ್ಷಕ್ಕೆ ಸುಮಾರು 2,400 ಸಲ ಮ್ಯಾಗ್ನೆಟ್ ನುಂಗಿ ಎಮರ್ಜೆನ್ಸಿಗೆ ಬಂದಿದ್ದಾರೆ ಅನ್ನೋದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜು.

ದೊಡ್ಡ ಪ್ಲಾಸ್ಟಿಕ್ ಟೈಲ್ಸ್ ಬರುತ್ತಲ್ಲ, ಒಳಗೆ ಮ್ಯಾಗ್ನೆಟ್ ಮುಚ್ಚಿರೋದು, ಅದು ಬಿರುಕು ಬಿಟ್ಟ ದಿನವೇ ಎತ್ತಿಡಿ.

ಮೈಸೂರಮ್ಮ, ಮರುದಿನ 11:20

ರಾತ್ರಿ ಬರೆಯೋಕಾಗ್ಲಿಲ್ಲ, ಕ್ಷಮಿಸಿ. ಮಗ ನಿಜ ಹೇಳಿದ್ದ, ಅವನ ಫಿಲ್ಮಲ್ಲಿ ಏನೂ ಇಲ್ಲ. ಮಗಳ ಹೊಟ್ಟೇಲಿ ಎರಡು. ಮುಂದಿನಿಂದ ತೆಗೆದಾಗ ಒಂದೇ ಕಂಡಿತ್ತು, ಪಕ್ಕಕ್ಕೆ ಮಲಗಿಸಿ ತೆಗೆದಾಗ ಎರಡು. ಇನ್ನೂ ಜಠರದಿಂದ ಕೆಳಗೆ ಇಳಿದಿರಲಿಲ್ಲ, ಎಂಡೋಸ್ಕೋಪೀಲಿ ತೆಗೆದ್ರು. ಅತ್ತೆ ಅಣ್ಣನಿಗೆ ಅಂತ ಸುಲಿದ ಬಾಳೆಹಣ್ಣಲ್ಲಿ ಅರ್ಧ ಅವಳ ಬಾಯಿಗೂ ಇಟ್ಟಿದ್ರಂತೆ, ಹೊಟ್ಟೇಲಿ ಅನ್ನ ಹಣ್ಣು ಇರುವಾಗ ಅರಿವಳಿಕೆ ಕೊಡಲ್ಲ ಅಂದ್ರು. ರಾತ್ರಿ ಎರಡು ಗಂಟೆವರೆಗೆ ಕಾದಿದ್ದೀವಿ. ಅತ್ತೆ ಇಡೀ ರಾತ್ರಿ ಮಾತಾಡಿಲ್ಲ, ನಾನೂ ಏನೂ ಅಂದಿಲ್ಲ. ತಂದುಕೊಟ್ಟಿದ್ದು ನನ್ನ ತಮ್ಮ ತಾನೆ.

ಮೂರನೇದು ಬೀರು ಕಾಲಿಗೆ ಅಂಟ್ಕೊಂಡಿತ್ತು. ತಮ್ಮನೇ ಬೆಳಗ್ಗೆ ಬಂದು ನೆಲಕ್ಕೆ ಮಲಗಿ ಹುಡುಕಿದ. ಈಗ ಈ ಡಬ್ಬೀನ ಏನ್ ಮಾಡೋದು? ಕಸದ ಗಾಡಿಗೆ ಹಾಕಿದ್ರೆ ಯಾವ ಮಗು ಕೈಗೆ ಸಿಗುತ್ತೋ ಅಂತ ಭಯ.

ಧಾರವಾಡದಾಕಿ, 11:34

ನಮ್ಮ ಮನಿ ಮುಂದ ಕಟ್ಟಿ ಕಟ್ಟಾಕತ್ತಿದ್ರು ಆಗ. ಗೌಂಡಿ ಕೈಯಾಗ ಡಬ್ಬಿ ಕೊಟ್ಟು ಸಿಮೆಂಟಿನ್ಯಾಗ ಹುಗಸೀನಿ. ಅದ ಕಟ್ಟಿ ಮ್ಯಾಲ ಕುಂತ ಬರ್ಯಾಕತ್ತೀನಿ ನೋಡ್ರಿ. ಮಗಳು ಹ್ಯಾಂಗ ಅದಾಳ, ಹಾಲು ಕುಡದಳೇನು?