ಅವ್ವ ಮತ್ತು ನನ್ನ ಕಾಲದ ನಂತರ ತಮ್ಮನಿಗೆ ಏನು ಏರ್ಪಾಡು ಮಾಡಬೇಕು?

ನಾಪೋಕ್ಲಿನ ಬೆಳೆಗಾರ

ನನ್ನ ತಮ್ಮನಿಗೆ 44 ವರ್ಷ. ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇದೆ. ನನಗೆ 53, ಅವ್ವನಿಗೆ 77. ಸೇನೆಯಲ್ಲಿ ಸುಬೇದಾರರಾಗಿದ್ದ ಅಪ್ಪ 2016ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಕುಟುಂಬ ಪಿಂಚಣಿ ಅವ್ವನಿಗೆ ಬರುತ್ತಿದೆ.

ತಮ್ಮ ಸುಮ್ಮನೆ ಕೂರುವವನಲ್ಲ. ಬೆಳಿಗ್ಗೆ ಕೋಳಿಗೂಡು ತೆರೆಯುವವನು ಅವನೇ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡುತ್ತಾನೆ. ಮೋಡ ಕಂಡರೆ ಟಾರ್ಪಾಲು ಹೊದಿಸಲು ನನಗಿಂತ ಮೊದಲು ಓಡುತ್ತಾನೆ. ಆದರೆ ಹತ್ತರ ನೋಟಿಗೂ ಐನೂರರ ನೋಟಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸಹಿ ಹಾಕಲು ಬರುವುದಿಲ್ಲ.

ನಮ್ಮ ಪಾಲಿಗಿರುವ ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಒಕ್ಕಕ್ಕೆ (ಮನೆತನಕ್ಕೆ) ಬಂದ ಜಾಗ, ಐದು ಎಕರೆ. ಪಹಣಿ ಇನ್ನೂ ಒಕ್ಕದ ಪಟ್ಟೆದಾರರಾದ, ಅಂದರೆ ಯಜಮಾನರಾದ, ದೊಡ್ಡಪ್ಪನ ಹೆಸರಿನಲ್ಲಿದೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಸಾಗು ಜಾಗ ಮೂರು ಎಕರೆ ಬೇರೆ ಇದೆ, ಅದರಲ್ಲಿ ರೊಬಸ್ಟಾ ಮತ್ತು ಕಾಳುಮೆಣಸು.

ಕಳೆದ ಪುತ್ತರಿ ಸುಗ್ಗಿ ಹಬ್ಬಕ್ಕೆ ಒಕ್ಕದ ಮೂಲ ಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಹಿರಿಯರೊಬ್ಬರು, "ಅವನಿಗೆ ಜಾಗ ಯಾಕೆ? ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ನಿನ್ನ ಹೆಸರಿಗೆ ಮಾಡಿಕೋ, ಹೇಗೂ ನೋಡಿಕೊಳ್ಳುವವನು ನೀನೇ" ಎಂದರು. ಕೆಟ್ಟದ್ದು ಬಯಸಿ ಹೇಳಿದ ಮಾತಲ್ಲ. ಆದರೂ ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಗದ್ದೆಯಲ್ಲಿ ಭತ್ತದ ಕದಿರು ತೆಗೆಯುವಾಗ "ಪೊಲಿ ಪೊಲಿ ದೇವಾ" (ಹೆಚ್ಚಲಿ ದೇವಾ) ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವನು ಅವನು. ಆ ಗದ್ದೆಯಲ್ಲಿ ಅವನ ಪಾಲನ್ನು ನಾನು ಹೇಗೆ ಅಳಿಸಲಿ?

ಮಗಳು ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಚಿಕ್ಕಪ್ಪನೆಂದರೆ ಅವಳಿಗೆ ಪ್ರಾಣ. ಆದರೆ ಎಲ್ಲವನ್ನೂ ಅವಳ ತಲೆಗೆ ಕಟ್ಟಲು ಮನಸ್ಸಿಲ್ಲ. ಎಲ್ಲಿಂದ ಆರಂಭಿಸಬೇಕು, ತಿಳಿದವರು ಹೇಳಿ.

ವಿರಾಜಪೇಟೆಯ ವಕೀಲೆ

ಅಣ್ಣ, ಆ ಹೆಬ್ಬೆಟ್ಟು ಒತ್ತಿಸದೆ ಇದ್ದದ್ದು ಒಳ್ಳೆಯದಾಯಿತು. ಪತ್ರದಲ್ಲಿ ಏನಿದೆ, ಅದರಿಂದ ತನಗೇನು ಆಗುತ್ತದೆ ಎಂದು ಅರಿಯಲಾರದವರಿಂದ ಬರೆಸಿಕೊಂಡ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದಿಲ್ಲ. ಅಪ್ಪ ಕೊಂಡ ಜಾಗದಲ್ಲಿ ಅವ್ವನಿಗೆ, ನಿಮಗೆ, ತಮ್ಮನಿಗೆ ಸಮಪಾಲು. ಬೇರೆ ಒಡಹುಟ್ಟಿದವರಿದ್ದರೆ ಅವರಿಗೂ.

ಮೊದಲ ಕೆಲಸ ಪಾಲಕತ್ವ. ಹದಿನೆಂಟು ದಾಟಿದ ಮೇಲೆ ಹೆತ್ತ ತಾಯಿಯೂ ಕಾನೂನಿನ ಕಣ್ಣಿನಲ್ಲಿ ತಾನಾಗಿಯೇ ಪಾಲಕಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಅವ್ವ ಇರುವಾಗಲೇ ನಿಮ್ಮ ಹೆಸರು ಸೂಚಿಸಿ ಮಡಿಕೇರಿಯಲ್ಲಿ ಅರ್ಜಿ ಕೊಡಲಿ. ನೇಮಕವಾದ ಆರು ತಿಂಗಳೊಳಗೆ ತಮ್ಮನ ಆಸ್ತಿಯ ಪಟ್ಟಿಯನ್ನೂ ಆಮೇಲೆ ವರ್ಷವರ್ಷ ಲೆಕ್ಕವನ್ನೂ ನೀವು ಒಪ್ಪಿಸಬೇಕು. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ. ನಾಳೆ ನಿಮ್ಮ ಜಾಗಕ್ಕೆ ಬರುವವರನ್ನೂ ಹದ್ದಿನಲ್ಲಿಡುವುದು ಅದೇ ಲೆಕ್ಕ. "ನನ್ನ ನಂತರ ಮಗಳೇ ಪಾಲಕಿ" ಎಂದು ಉಯಿಲಿನಲ್ಲಿ ಬರೆದ ಮಾತ್ರಕ್ಕೆ ಆಗುವುದಿಲ್ಲ, ಅವಳೂ ಸಮಿತಿಯ ಮುಂದೆ ಹೋಗಬೇಕು.

ಮುಂದಿನದು ಟ್ರಸ್ಟ್, ಅಂದರೆ ತಮ್ಮನ ಹಿತಕ್ಕಾಗಿ ಆಸ್ತಿಯನ್ನು ನಂಬಿಕೆಯವರ ಕೈಗೆ ಒಪ್ಪಿಸುವ ಏರ್ಪಾಡು. ಜಮ್ಮಾ ಜಾಗವನ್ನು ಈಗ ಅದಕ್ಕೆ ಎಳೆಯಬೇಡಿ. ಒಕ್ಕದ ಹಕ್ಕು ಬೆರೆತ ಜಾಗ ಅದು, ವರ್ಷಗಟ್ಟಲೆ ಅಲೆದಾಟವಾಗುತ್ತದೆ. ನೀವೂ ಅವ್ವನೂ ಸಾಗು ಜಾಗದ ನಿಮ್ಮ ನಿಮ್ಮ ಪಾಲನ್ನು ತಮ್ಮನ ಹಿತಕ್ಕಾಗಿ ಖಾಸಗಿ ಟ್ರಸ್ಟಿಗೆ ಬಿಡಬಹುದು. ಸ್ಥಿರಾಸ್ತಿ ಇರುವುದರಿಂದ ಟ್ರಸ್ಟ್ ಪತ್ರ ನೋಂದಣಿಯಾಗಲೇಬೇಕು. ಇಬ್ಬರು ಟ್ರಸ್ಟಿಗಳಿರಲಿ, ಅವರಲ್ಲಿ ಒಬ್ಬರು ಕುಟುಂಬದ ಹೊರಗಿನವರಾಗಿರಲಿ. ತೋಟ ನೋಡಿಕೊಳ್ಳುವವರೂ ತಮ್ಮನನ್ನು ನೋಡಿಕೊಳ್ಳುವವರೂ ಒಬ್ಬರೇ ಆದರೆ ಕೇಳುವವರು ಇರುವುದಿಲ್ಲ.

ಸೋಮವಾರಪೇಟೆಯ ಯೋಧನ ಮಗಳು

ಪಿಂಚಣಿಯ ವಿಷಯವನ್ನು ದಯವಿಟ್ಟು ಮುಂದೂಡಬೇಡಿ. ದುಡಿದು ಬದುಕಲಾಗದಷ್ಟು ವೈಕಲ್ಯವಿರುವ ಮಗ ಅಥವಾ ಮಗಳಿಗೆ ತಾಯಿಯ ನಂತರ ಕುಟುಂಬ ಪಿಂಚಣಿ ಜೀವನಪರ್ಯಂತ ಸಿಗುತ್ತದೆ. ಆದರೆ ಪಿಂಚಣಿ ಆದೇಶದಲ್ಲಿ ನಿಮ್ಮ ತಮ್ಮನ ಹೆಸರು ಸೇರಿದೆಯೇ? ಇಲ್ಲದಿದ್ದರೆ ಅವ್ವನೇ ಈಗ ಅರ್ಜಿ ಕೊಡಲಿ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಅಪ್ಪನ ಡಿಸ್ಚಾರ್ಜ್ ಪುಸ್ತಕ, ವೈಕಲ್ಯದ ಪ್ರಮಾಣಪತ್ರ ಹಿಡಿದು ಹೋಗಿ, ಅಲ್ಲಿಂದ ಸೈನಿಕರ ದಾಖಲೆ ಇಡುವ ಸೇನೆಯ ರೆಕಾರ್ಡ್ ಕಚೇರಿಗೆ ಬರೆಸಿ. ನಮ್ಮ ತಾಯಿ ಹೋದ ಮೇಲೆ ಅಕ್ಕನ ಹೆಸರು ಸೇರಿಸಲು ಹೊರಟ ನಾವು ಹುಟ್ಟಿದ ದಾಖಲೆಗಾಗಿ ಹಳೆಯ ಶಾಲೆಯ ಬಾಗಿಲಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದೆವು. ತಾಯಿ ಇದ್ದಿದ್ದರೆ ಅವರ ಒಂದು ಸಹಿ ಸಾಕಾಗುತ್ತಿತ್ತು.

ವಕೀಲೆ ಅಕ್ಕ ಹೇಳಿದ ಟ್ರಸ್ಟಿಗೂ ಇದಕ್ಕೂ ಸಂಬಂಧವಿದೆ. 2021ರ ಆದೇಶದಂತೆ, ತಮ್ಮನ ಬೇರೆ ಆದಾಯ ಸಾಮಾನ್ಯ ದರದ ಕುಟುಂಬ ಪಿಂಚಣಿಗಿಂತ, ಅಂದರೆ ಕೊನೆಯ ವೇತನದ ಶೇಕಡಾ 30 ಮತ್ತು ಅದರ ತುಟ್ಟಿಭತ್ಯೆಗಿಂತ, ಕಡಿಮೆ ಇರಬೇಕು. ಮೊದಲಿದ್ದ ಮಿತಿ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆ. ಪ್ರೀತಿಯಿಂದ ತೋಟದ ಆದಾಯವನ್ನೆಲ್ಲ ಅವರ ಖಾತೆಗೆ ಹಾಕಿ ಪಿಂಚಣಿಗೆ ಕುತ್ತು ತಂದುಕೊಳ್ಳಬೇಡಿ. ಪತ್ರ ಬರೆಸುವ ಮೊದಲೇ ವಕೀಲರಿಗೂ ಲೆಕ್ಕಪರಿಶೋಧಕರಿಗೂ ಇದನ್ನು ತಿಳಿಸಿ.

ಸುಂಟಿಕೊಪ್ಪದ ತಾಯಿ

ನನ್ನ ಮಗನಿಗೂ ಡೌನ್ ಸಿಂಡ್ರೋಮ್, 27 ವರ್ಷ. ಕಾಗದಪತ್ರದ ಮಾತು ಮೇಲಿನವರು ಹೇಳಿದ್ದಾರೆ. ನಿಮ್ಮ ತಮ್ಮನ ವಯಸ್ಸು ನೋಡಿ ನಾನು ಬರೆಯುತ್ತಿದ್ದೇನೆ. ಡೌನ್ ಸಿಂಡ್ರೋಮ್ ಇರುವವರಿಗೆ ಮುಪ್ಪು ಬೇಗ ಬರುತ್ತದೆ. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮಂಕು ಕವಿದಂತೆ ಕಂಡರೆ ಮೊದಲು ಥೈರಾಯ್ಡ್, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ, ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಇಂದು ಟಾರ್ಪಾಲು ಹೊದಿಸುವವರಿಗೆ ಮುಂದೆ ಊಟ ಮಾಡಿಸುವ ಆಳು ಬೇಕಾಗಬಹುದು. ಖರ್ಚನ್ನು ಆ ದಿನಗಳಿಗೆ ಅಂದಾಜು ಮಾಡಿ.

ಮಗಳ ಮನೆಯಲ್ಲಿ ವರ್ಷಕ್ಕೆರಡು ಸಲ ನಾಲ್ಕು ದಿನ ನೀವಿಲ್ಲದೆ ಇದ್ದು ಬರಲಿ. ಅವ್ವ ಹೋದ ದಿನವೇ ಮನೆಯೂ ಬದಲಾದರೆ ಆ ಜೀವ ತಡೆಯುವುದಿಲ್ಲ. ಇನ್ನೊಂದು, ಎಲ್ಲಿ ಇರಲು ಇಷ್ಟ ಎಂದು ತಮ್ಮನನ್ನು ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅದು ಕಾಣಲಿಲ್ಲ.

ನಾಪೋಕ್ಲಿನ ಬೆಳೆಗಾರ

ಎಲ್ಲರಿಗೂ ಕೈಮುಗಿದೆ. ಅಕ್ಕ, ನಾನು ಕೇಳಿರಲಿಲ್ಲ. ನಿನ್ನೆ ಸಂಜೆ ಕೇಳಿದೆ. "ಇಲ್ಲಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕೋಳಿಗೆ ಯಾರು?" ಎಂದು ಕೇಳಿದ.

ಅಪ್ಪನ ಪೆಟ್ಟಿಗೆ ತೆಗೆದು ನೋಡಿದೆವು. ಪಿಂಚಣಿ ಆದೇಶದಲ್ಲಿ ತಮ್ಮನ ಹೆಸರಿಲ್ಲ. ಸೋಮವಾರ ಅವ್ವನನ್ನು ಕರೆದುಕೊಂಡು ಮಡಿಕೇರಿಗೆ ಹೋಗುತ್ತೇನೆ, ಪಾಲಕತ್ವದ ಅರ್ಜಿಯನ್ನೂ ಅಂದೇ ಕೊಡುತ್ತೇವೆ. ಮಗಳು ಫೋನಿನಲ್ಲಿ, "ತೋಟದ ಲೆಕ್ಕ ಬೇರೆಯವರು ನೋಡಲಿ ಅಪ್ಪ, ಚಿಕ್ಕಪ್ಪನನ್ನು ನಾನು ನೋಡುತ್ತೇನೆ" ಎಂದಳು.

ಅವನನ್ನು ನೋಡಿಕೊಳ್ಳುವವರಿಗಾಗಿ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಅವ್ವ ಹೇಳುತ್ತಾರೆ, ನಾನು ಬರೆಯುತ್ತೇನೆ. ಗುಡುಗು ಬಂದರೆ ಪಕ್ಕದಲ್ಲಿ ಕೂರಬೇಕು, ಮಾತಾಡಬಾರದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ. ಕಡಂಬುಟ್ಟು (ಅಕ್ಕಿ ಕಡುಬು) ಬಿಸಿಯಾಗಿ ಕೊಡಬಾರದು, ಒಡೆದು ಆರಿಸಿ ಕೊಡಬೇಕು. ನಾಲ್ಕು ಪುಟವಾಗಿದೆ. ಅವ್ವ ಇನ್ನೂ ಅವನ ಬಾಲ್ಯದಲ್ಲೇ ಇದ್ದಾರೆ.