ಡಾಕ್ಟರ್‌ಗೆ ಕೇಳ್ರಿ: ಹರೇದ ಹುಡುಗ್ರು, ಕುಡಿತ (ಬಾಗಲಕೋಟೆ ಪಾಲಕರ ಗ್ರೂಪ್)

ಅಡ್ಮಿನ್: ಇವತ್ತ ರಾತ್ರಿ 9ಕ್ಕ ಮನೋವೈದ್ಯರು ಗ್ರೂಪಿನ್ಯಾಗ ಇರ್ತಾರ. ಯಾವ ಮಕ್ಕಳು ಕುಡಿತಕ್ಕ ಲಗೂನ ಬೀಳ್ತಾರ, ಯಾಕ, ಇಷ್ಟ ಕೇಳ್ರಿ. ಗುಡ್ ನೈಟ್ ಫೋಟೋ ಬ್ಯಾಡ.

ಕೆರೂರಿನ ತಾಯಿ: ಸರ್ ನಮಸ್ಕಾರ. ಮಗಗ 16, ಪಿಯು ಫಸ್ಟ್ ಇಯರ್. ಬನಶಂಕರಿ ಜಾತ್ರ್ಯಾಗ ಗೆಳ್ಯಾರ ಜೋಡಿ ಕುಡದಾನ, ಉಳದ ಹುಡುಗ್ರು ವಾಂತಿ ಮಾಡ್ಕೊಂಡು ಬಿದ್ದಾರ, ಇಂವ ಒಂದು ಕ್ವಾರ್ಟರ್ ಕುಡದು ನೆಟ್ಟಗ ಗಾಡಿ ಹೊಡ್ಕೊಂಡು ಬಂದು ಚಪ್ಪಲಿ ಜೋಡಿಸಿಟ್ಟು ಎರಡು ರೊಟ್ಟಿ ಶೇಂಗಾ ಹಿಂಡಿ ಉಂಡು ಮಲ್ಕೊಂಡ, ವಾಸನಿ ಬಂದ ಮ್ಯಾಲ ನನಗ ಗೊತ್ತಾತು. ಅವರಪ್ಪ ಕುಡದು ಲಿವರ್ ಕೆಟ್ಟು ತೀರ್ಕೊಂಡಾಗ ಇವಗ 9. ನಮ್ಮಣ್ಣ "ಹುಡುಗ ಗಟ್ಟಿ ಅದಾನ, ತಡ್ಕೋತಾನ ಬಿಡು" ಅಂತಾನ. ನಾ ಸುಮ್ನ ಅಂಜಾಕತ್ತೀನೇನ್ರಿ?

ಡಾಕ್ಟರ್: ಇಲ್ಲಕ್ಕಾರ, ನಿಮ್ಮ ಅಂಜಿಕಿ ಬರೋಬರಿ ಅದ. ಬಿದ್ದ ಹುಡುಗ್ರಕಿಂತ ಬೀಳದ ಹುಡುಗನ ಚಿಂತಿನ ನನಗ ಜಾಸ್ತಿ. ಕ್ವಾರ್ಟರ್ ಅಂದ್ರ 180 ಎಂಎಲ್, ಅದರಾಗ ಸುಮಾರು 60 ಗ್ರಾಂ ಆಲ್ಕೋಹಾಲ್ ಇರ್ತದ. ಅಷ್ಟು ಕುಡದು 16ರ ಹುಡುಗ ನೆಟ್ಟಗ ನಡದಾನ ಅಂದ್ರ ಒಂದೋ ಇದು ಮೊದಲನೇ ಸಲ ಅಲ್ಲ, ಇಲ್ಲಾ ಹುಟ್ಟಿನಿಂದನ ಅವನ ಮೈಗೆ ಅಮಲು ಕಮ್ಮಿ ಹತ್ತತದ. ಅಮೆರಿಕಾದಾಗ ಮಾರ್ಕ್ ಶುಕಿಟ್ ಅನ್ನೋ ಮನೋವೈದ್ಯರು ಕುಡುಕರ ಮಕ್ಕಳನ್ನ ವರ್ಷಾನುಗಟ್ಟಲೆ ನೋಡ್ಕೋತ ಬಂದ್ರು, 20ರ ಆಸುಪಾಸಿನ್ಯಾಗ ಯಾರಿಗೆ ಅಮಲು ಕಮ್ಮಿ ಏರ್ತಿತ್ತೋ ಅವರ ಮುಂದ ಜಾಸ್ತಿ ಚಟಕ್ಕ ಬಿದ್ರು. ತಲಿ ತಿರುಗೂದು, ವಾಂತಿ ಆಗೂದು, ಇವು ಮೈಯಾಗಿನ ಬ್ರೇಕ್. ಬ್ರೇಕ್ ಇಲ್ಲದವ ಗೆಳ್ಯಾರಷ್ಟ ಖುಷಿ ಬರ್ಲಿ ಅಂತ ಇನ್ನೊಂದು ಹಾಕ್ತಾನ, ನಿಧಾನಕ್ಕ ಅವನಷ್ಟ ಕುಡಿಯೋರ ಗೆಳ್ಯಾರಾಗ್ತಾರ. "ತಡ್ಕೋತಾನ" ಅನ್ನೋ ಹೊಗಳಿಕಿಂದ ಕೆಟ್ಟ ಮನಿ ಭಾಳ ನೋಡೀನಿ, ಮನ್ಯಾಗ ಯಾರೂ ಆ ಮಾತು ಆಡಬ್ಯಾಡ್ರಿ.

ಹಂಗಂತ ಹಣೆಬರಹ ಅಲ್ಲ. ರಕ್ತದಿಂದ ಬರೂದು ಹೆಚ್ಚುಕಮ್ಮಿ ಅರ್ಧ. ಉಳದದ್ದು ಮನಿ, ಗೆಳ್ಯಾರು, ಕೈಗೆ ಎಷ್ಟ ಲಗೂ ಸಿಗತದ ಅನ್ನೂದು, ಮತ್ತ 9ಕ್ಕ ಅಪ್ಪನ್ನ ಕಳಕೊಂಡ ದುಃಖ. ಮುಂಜಾನಿ ಇಬ್ಬರ ಇದ್ದಾಗ ಕೇಳ್ರಿ, ಎಂದಿನಿಂದ, ಯಾರು ಕೊಡಸ್ತಾರ, ರಾತ್ರಿ ನಿದ್ದಿ ಬರ್ತದೋ ಇಲ್ಲೋ. ಹೊಡಿಬ್ಯಾಡ್ರಿ. "ನಿಮ್ಮಪ್ಪನಂಗ ಸಾಯ್ತಿ" ಅಂತ ಮಾತ್ರ ಅನಬ್ಯಾಡ್ರಿ. ಗಾಡಿ ಕೀಲಿ ನಿಮ್ಮ ಹಂತೇಕ ಇರ್ಲಿ.

ಜಮಖಂಡಿ ಸದಸ್ಯ: ಮನ್ಯಾಗ ನಾವ ಒಂದು ಪೆಗ್ ಕೊಟ್ಟು ಕಲಿಸಿದ್ರ ಹೊರಗ ಹೋಗಿ ಕುಡ್ಯಂಗಿಲ್ಲಲ್ರೀ?

ಡಾಕ್ಟರ್: ಕೊಡಬ್ಯಾಡ್ರಿ. ಅಮೆರಿಕಾದಾಗ 1997ರಾಗ ಬಂದ ದೊಡ್ಡ ಸರ್ವೇ ನೋಡ್ರಿ, 15ರೊಳಗ ಶುರು ಮಾಡಿದವರಾಗ ನೂರಕ್ಕ ಸುಮಾರು 40 ಮಂದಿ ಮುಂದ ಚಟಕ್ಕ ಬಿದ್ರು, 20 ದಾಟಿದ ಮ್ಯಾಲ ಶುರು ಮಾಡಿದವರಾಗ ಸುಮಾರು 10.

ಬೀಳಗಿ ಸದಸ್ಯೆ: ಸರ್ ಮಗಳು ಹಾಸ್ಟೆಲ್‌ನಾಗ ಅದಾಳ, ರೂಮ್‌ಮೇಟ್ ಕುಡಿತಾಳಂತ, ಏನ್ ಮಾಡ್ಲಿ?

ಇಳಕಲ್ ಸದಸ್ಯ: ಫಾರ್ವರ್ಡ್ ಬಂದೈತಿ ನೋಡ್ರಿ, ಈ ಪುಡಿ ಗೊತ್ತಿಲ್ದಂಗ ಸಾರಿನ್ಯಾಗ ಹಾಕಿದ್ರ 7 ದಿನದಾಗ ಕುಡಿತ ಬಂದ್.

ಡಾಕ್ಟರ್: ಮೊದಲ ಡಿಲೀಟ್ ಮಾಡ್ರಿ. ಪುಡಿಯಾಗ ಏನದ ಗೊತ್ತದನು ನಿಮಗ? ಡೈಸಲ್ಫಿರಾಮ್ (ಕುಡಿತ ಬಿಡಸಾಕ ಡಾಕ್ಟರ್ ಕೊಡೋ ಔಷಧ) ಇದ್ದು ಹುಡುಗ ಅದರ ಮ್ಯಾಲ ಕುಡದ್ರ ಬಿಪಿ ಕುಸದು ಜೀವಾನ ಹೋಗಬಹುದು. ಹೇಳದ ಕೇಳದ ಯಾರಿಗೂ ಹಾಕಬ್ಯಾಡ್ರಿ.

ಇಳಕಲ್ ಸದಸ್ಯ: ಆಯುರ್ವೇದಿಕ್ ಐತ್ರಿ ಸರ್, ಸೈಡ್ ಎಫೆಕ್ಟ್ ಇಲ್ಲ

ಡಾಕ್ಟರ್: ಡಿಲೀಟ್ ಮಾಡ್ರಿ ಅಂದೆ.

ಸಾಲಿ ಸರ್: ನಮ್ಮೂರಾಗ ಎಂಟನೇತ್ತ ಹುಡುಗ್ರು ಅಪ್ಪಗ ಅಂತ ಕಿರಾಣಿ ಅಂಗಡ್ಯಾಗ ನೈಂಟಿ (90 ಎಂಎಲ್) ಪಾಕೀಟ್ ತರ್ತಾರ. ಶುರು ಆಗೂದ ಅಲ್ಲಿಂದ.

ಹುನಗುಂದ ಸದಸ್ಯ: ಅಂಗಡಿಯವ್ರಿಗೆ ಯಾಕ ಬೈತೀರಿ, ಕಳಸಾವ ಅಪ್ಪ

ಸಾಲಿ ಸರ್: ಇಬ್ರೂ ತಪ್ಪಸ್ಥರು. 2015ರ ಬಾಲನ್ಯಾಯ ಕಾಯ್ದೆ, ಕಲಂ 77, ಹುಡುಗ್ರಿಗೆ ದಾರು ಕೊಟ್ರ 7 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಹುಡುಗ್ರ ಕೈಲೆ ಮಾರ್ಸಿದ್ರೂ ಹೊರ್ಸಿದ್ರೂ 78ರಾಗ ಅಷ್ಟ.

ಹುನಗುಂದ ಸದಸ್ಯ: ಕಲಂ ಹೇಳೂದ ಸಾಕ್ರಿ, ಕಬ್ಬಿನ ಗ್ಯಾಂಗಿನ್ಯಾಗ ಮೈನೋವಿಗೆ ಅಂತ ಹುಡುಗ್ರಿಗೂ ಕೊಡ್ತಾರ, ಅಲ್ಲಿ ಬಂದು ನೋಡ್ರಿ ಒಮ್ಮೆ, ಖುರ್ಚಿ ಮ್ಯಾಲ ಕುಂತು ಮಾತಾಡಾಕ ಯಾರಿಗರೆ ಬರತೈತಿ

ಸಾಲಿ ಸರ್: ನನ್ನ ಎರಡು ವಿದ್ಯಾರ್ಥಿಗಳು ಅದ ಗ್ಯಾಂಗಿಗೆ ಹೋಗಿ ಸಾಲಿ ಬಿಟ್ಟಾರ. ನನಗ ಹೇಳಬ್ಯಾಡ.

ಅಡ್ಮಿನ್: ಇಬ್ರೂ ನಿಂದರ್ರಿ.

ಲೋಕಾಪುರ ಸದಸ್ಯ: ಸರ್ ಮನ್ಯಾಗ ಬಿಯರ್ ಕೊಡಬಹುದೇನ್ರಿ? ಪೆಗ್ ಅಲ್ಲ, ಬಿಯರ್

ಡಾಕ್ಟರ್: ಮ್ಯಾಲ ಓದ್ರಿ. ಒಂದು ದೊಡ್ಡ ಬಾಟ್ಲಿ ಸ್ಟ್ರಾಂಗ್ ಬಿಯರಿನ್ಯಾಗ ನೈಂಟಿಗಿಂತ ಜಾಸ್ತಿ ಆಲ್ಕೋಹಾಲ್ ಇರ್ತದ.

ಬೀಳಗಿ ಸದಸ್ಯೆ: ಸರ್ ನಂದು?

ಡಾಕ್ಟರ್: 11 ಆತು. ರಾತ್ರಿ ತ್ರಾಸ್ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕ ಫೋನ್ ಹಚ್ಚರಿ, ಪುಕ್ಕಟೆ ಅದ.

ಕೆರೂರಿನ ತಾಯಿ (ಮುಂಜಾನಿ 6.40): ಸರ್ ಕೇಳ್ದೆ. ಜಾತ್ರಿ ಮೊದಲನೇದಲ್ಲಂತ, ದಸರಾ ಸೂಟಿಯಿಂದ ಕುಡಿತಾನಂತ. ಕೊಡಸಿದ್ದು ನಮ್ಮಣ್ಣನಂತ.

ಡಾಕ್ಟರ್: ಇವತ್ತ ಓಪಿಡಿಗೆ ಕರಕೊಂಡು ಬರ್ರಿ. ನೀವು, ಮಗ, ಇಬ್ಬರ.