ಹೊಸದಾಗಿ ಹಾಕಿಗೆ ಇಳಿದವರ ಪ್ರಶ್ನೆಗಳು: ಸ್ಟಿಕ್ ಆರಿಸೋದು, ಮಳೆಗಾಲದಲ್ಲಿ ಉಳಿಸಿಕೊಳ್ಳೋದು

(ಈ ವಾರ ಉತ್ತರಿಸುವವರು ಒಬ್ಬ ಕೋಚ್, ಸ್ಟಿಕ್ ರಿಪೇರಿ ಮಾಡುವ ಒಬ್ಬರು.)

ಪ್ರಶ್ನೆ, ವಿರಾಜಪೇಟೆಯಿಂದ ಒಬ್ಬ ತಾಯಿ:
ನಮಸ್ಕಾರ ಸರ್. ಮಗನಿಗೆ 11 ವರ್ಷ, ಎತ್ತರ 142 ಸೆಂ.ಮೀ. ಈ ವರ್ಷ ಶಾಲೆಯ ಹಾಕಿಗೆ ಸೇರಿದ್ದಾನೆ. ಮನೆಯಲ್ಲಿ ಅವನ ಅಪ್ಪನ 37.5 ಇಂಚಿನ ಸ್ಟಿಕ್ ಇದೆ. ಹೇಗೂ ಬೆಳೆಯುವ ಹುಡುಗ, ಅದನ್ನೇ ಕೊಟ್ಟರೆ ಆಗುತ್ತಾ? ಇನ್ನೊಂದು ವಿಷಯ, ಅವನು ಎಡಚ. ಎಡಗೈಯವರ ಸ್ಟಿಕ್ ಎಲ್ಲಿ ಸಿಗುತ್ತದೆ?

ಕೋಚ್:
ಎಡಗೈ ಸ್ಟಿಕ್ ಹುಡುಕಬೇಡಿ ಮೇಡಂ, ಪಂದ್ಯದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಹಾಕಿ ಸ್ಟಿಕ್ಕಿನ ಚಪ್ಪಟೆ ಮುಖ ಎಡಬದಿಗೆ ಮಾತ್ರ ಇರಬೇಕು ಅಂತ ನಿಯಮ. ಎಲ್ಲರೂ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುತ್ತಾರೆ. ಸ್ಟಿಕ್ ತಿರುಗಿಸುವ ಕೆಲಸ ಮೇಲಿರುವ ಎಡಗೈಯದ್ದು. ಹಾಗಾಗಿ ಎಡಚರಿಗೆ ಡ್ರಿಬ್ಲಿಂಗ್, ಅಂದರೆ ಬಾಲನ್ನು ಸ್ಟಿಕ್ಕಿನಲ್ಲೇ ತಟ್ಟುತ್ತಾ ಒಯ್ಯುವುದು, ಬೇಗ ಕೈಗೆ ಹತ್ತಬಹುದು.

ಅಪ್ಪನ ಸ್ಟಿಕ್ ಬೇಡ. ಉದ್ದ ಹೆಚ್ಚಾದರೆ ಹಿಡಿಯ ತುದಿ ಹೊಟ್ಟೆಗೆ ತಾಗುತ್ತದೆ. ಅದನ್ನು ತಪ್ಪಿಸಲು ಹುಡುಗ ಬಗ್ಗದೆ ನೆಟ್ಟಗೆ ನಿಂತು ಆಡುತ್ತಾನೆ, ಎರಡೂ ಕೈ ನಡುವಿಗೆ ಜಾರುತ್ತವೆ. ಆ ಅಭ್ಯಾಸ ಒಂದು ಸಲ ಕೂತರೆ ಬಿಡಿಸಲು ಎರಡು ಸೀಸನ್ ಬೇಕು. ಅಳತೆ ಹೀಗೆ ನೋಡಿ: ಆಡುವ ಶೂ ಹಾಕಿಸಿ, ಸ್ಟಿಕ್ಕಿನ ತಲೆಯನ್ನು (ಕೆಳಗಿನ ಕೊಕ್ಕೆಯಂಥ ತುದಿ) ನೆಲಕ್ಕೆ ಊರಿ ಕಾಲಿನ ಪಕ್ಕ ನೇರ ಹಿಡಿಯಿರಿ. ಹಿಡಿಯ ತುದಿ ಸೊಂಟದ ಮೂಳೆಯ ಮೇಲಂಚಿಗೆ ಬರಬೇಕು. 142 ಸೆಂ.ಮೀ.ಗೆ 33 ಅಥವಾ 34 ಇಂಚು ಸರಿಹೋಗುತ್ತದೆ. ಬೆಳೆಯುತ್ತಾನೆ ಅಂತ ಒಂದು ಇಂಚು ಹೆಚ್ಚು ಕೊಡಿ, ಅದಕ್ಕಿಂತ ಮೇಲೆ ಬೇಡ. ಯೂನಿಫಾರ್ಮ್ ಹೊಲಿಸಿದ ಹಾಗೆ ಎರಡು ವರ್ಷಕ್ಕೆ ಆಗುವಷ್ಟು ದೊಡ್ಡದು ತರುವವರನ್ನು ಪ್ರತಿ ಜೂನ್‌ನಲ್ಲೂ ನೋಡುತ್ತೇವೆ.

ಪ್ರಶ್ನೆ, ಅದೇ ತಾಯಿ:
ಅಂಗಡಿಯವರು ಸ್ಟಿಕ್ಕಿನಲ್ಲಿ ಕಾರ್ಬನ್ ನಾರು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಾರೆ. 90% ಇರುವುದನ್ನೇ ತಗೊಳ್ಳಿ ಅಂದ್ರು.

ಕೋಚ್:
ಮಾರುವವರಿಗೆ ಒಳ್ಳೆಯದು! ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಗಡುಸು. ಜೋರಾಗಿ, ಸರಿಯಾದ ತಂತ್ರದಲ್ಲಿ ಹೊಡೆಯುವವರಿಗೆ ಅದರಿಂದ ಬಲ ಸಿಗುತ್ತದೆ. ಕಲಿಯುವವರ ಕೈಯಲ್ಲಿ ಅದೇ ಗಡುಸು ತೊಂದರೆ ಕೊಡುತ್ತದೆ. ಬಂದ ಬಾಲ್ ನಿಲ್ಲದೆ ಪುಟಿದು ಒಂದು ಮಾರು ಮುಂದೆ ಹೋಗುತ್ತದೆ, ತಪ್ಪಿ ತಗುಲಿದ ಹೊಡೆತ ಮಣಿಕಟ್ಟಿಗೆ ಜುಮ್ಮೆನ್ನುತ್ತದೆ. ಮೊದಲ ಸ್ಟಿಕ್ಕಿಗೆ ಹೆಚ್ಚಿನ ಪಾಲು ಫೈಬರ್ ಗ್ಲಾಸ್, 10ರಿಂದ 30% ಕಾರ್ಬನ್ ಸಾಕು.

ಬೌ ಅಂದರೆ ಸ್ಟಿಕ್ಕಿನ ಬಾಗು. ನಿಯಮದ ಪ್ರಕಾರ ಇದು 25 ಮಿ.ಮೀ. ದಾಟಬಾರದು, ಬಾಗಿನ ಅತಿ ಆಳದ ಜಾಗ ತಲೆಯ ಬುಡದಿಂದ 200 ಮಿ.ಮೀ.ಗಿಂತ ಕೆಳಗೆ ಬರಬಾರದು. 'ಲೋ ಬೌ' (ಬಾಗು ತಲೆಯ ಹತ್ತಿರ ಇರುವುದು) ಅಂತ ಬರೆದಿರುವ ಸ್ಟಿಕ್ ಡ್ರ್ಯಾಗ್ ಫ್ಲಿಕ್, ಅಂದರೆ ಬಾಲನ್ನು ಸ್ಟಿಕ್ಕಿನಲ್ಲಿ ಎಳೆದು ಎತ್ತಿ ಎಸೆಯುವ ಹೊಡೆತ, ಹೊಡೆಯುವವರಿಗೆ. ಹೊಸಬರು ಅದರಲ್ಲಿ ನೆಲಕ್ಕೆ ಹೊಡೆದ ಬಾಲೂ ಎದ್ದು ಎದುರಿನವರ ಮೊಣಕಾಲಿಗೆ ಬಡಿಯುತ್ತದೆ. 20ರಿಂದ 22 ಮಿ.ಮೀ. ಬಾಗಿನ ಸಾಧಾರಣ ಸ್ಟಿಕ್ ಕೇಳಿ. ತಲೆಯ ಆಕಾರ 'ಮಿಡಿ' (ಮಧ್ಯಮ ಉದ್ದದ್ದು) ಇರಲಿ, ಎಲ್ಲಾ ಜಾಗಕ್ಕೂ ಅದು ಒಗ್ಗುತ್ತದೆ. ಸ್ಟಿಕ್ಕಿನ ತೂಕಕ್ಕೆ ಗರಿಷ್ಠ ಮಿತಿ 737 ಗ್ರಾಂ. ಈಗ ಸಿಗುವ 36.5 ಇಂಚಿನವು ಹೆಚ್ಚಾಗಿ 520ರಿಂದ 560 ಗ್ರಾಂ ಇರುತ್ತವೆ, ಮಕ್ಕಳದ್ದು ಅದಕ್ಕಿಂತ ಹಗುರ. ಎಡಗೈ ಒಂದರಲ್ಲೇ ತುದಿ ಹಿಡಿದು ಹತ್ತು ಸಲ ಅತ್ತಿತ್ತ ತಿರುಗಿಸಲು ಹೇಳಿ. ಮಣಿಕಟ್ಟು ಜೋತು ಬಿದ್ದರೆ ಅದು ಅವನ ಸ್ಟಿಕ್ ಅಲ್ಲ.

ಮತ್ತೆ, ದುಡ್ಡು ಇಷ್ಟೇ ಅಂತಿದ್ದರೆ ಮೊದಲು ಮೌತ್ ಗಾರ್ಡ್, ಆಮೇಲೆ ಶಿನ್ ಗಾರ್ಡ್, ಆಮೇಲೆ ಶೂ. ಉಳಿದದ್ದರಲ್ಲಿ ಸ್ಟಿಕ್. ಬಾಲ್ 156ರಿಂದ 163 ಗ್ರಾಂ ತೂಗುವ ಗಟ್ಟಿ ಪ್ಲಾಸ್ಟಿಕ್, ಹಲ್ಲಿಗೆ ಬಡಿದರೆ ಯಾವ ಕಾರ್ಬನ್ನೂ ವಾಪಸ್ ತಂದುಕೊಡಲ್ಲ.

ಪ್ರಶ್ನೆ, ನಾಪೋಕ್ಲಿನಿಂದ:
ಕೋಚ್, ಏಪ್ರಿಲ್‌ನ ಕೊಡವ ಕೌಟುಂಬಿಕ ಹಾಕಿಗೆ ನಮ್ಮ ಒಕ್ಕದ (ಮನೆತನದ) ಟೀಮಲ್ಲಿ ನಾನೂ ಇಳಿಯಬೇಕು ಅಂತ ಹಠ ಹಿಡಿದಿದ್ದಾರೆ. ವಯಸ್ಸು 38, ಶಾಲೆ ಬಿಟ್ಟ ಮೇಲೆ ಸ್ಟಿಕ್ ಮುಟ್ಟಿಲ್ಲ. ತಮ್ಮನ ಫುಟ್‌ಬಾಲ್ ಶೂ, ಶಿನ್ ಪ್ಯಾಡ್ ಇವೆ. ಸಾಕಾ?

ಕೋಚ್:
1997ರಲ್ಲಿ ಕರಡ ಊರಲ್ಲಿ ಪಾಂಡಂಡ ಒಕ್ಕ ನಡೆಸಿದ ಕಪ್‌ನಿಂದ ಶುರುವಾದ ಹಬ್ಬ ಅದು ಅಕ್ಕ. ಒಂದೇ ಟೀಮಲ್ಲಿ ಹೆಂಗಸರು, ಗಂಡಸರು, ಶಾಲೆ ಮಕ್ಕಳು, ಅಜ್ಜಂದಿರು ಆಡುತ್ತಾರೆ, ನೀವೂ ಇಳಿಯಿರಿ. ಒಂದು ಮಾತು ನೆನಪಿಡಿ: ಜೊತೆಗೆ ಆಡುವವರಲ್ಲಿ ರಾಜ್ಯ ಮಟ್ಟದವರೂ ಇರಬಹುದು, ಬಾಲ್ ಅವರ ವೇಗದಲ್ಲೇ ಬರುತ್ತದೆ.

ಮಣ್ಣು, ಹುಲ್ಲಿನ ಮೈದಾನಕ್ಕೆ ಅಚ್ಚಿನ ರಬ್ಬರ್ ಸ್ಟಡ್ ಇರುವ ಫುಟ್‌ಬಾಲ್ ಶೂ ನಡೆಯುತ್ತದೆ. ಲೋಹದ ಸ್ಟಡ್ ಬೇಡ. ಪೊನ್ನಂಪೇಟೆ, ಮಡಿಕೇರಿ ಕಡೆ ಕೃತಕ ಹುಲ್ಲಿನ ಟರ್ಫ್‌ನಲ್ಲಿ ಪ್ರಾಕ್ಟೀಸ್ ಮಾಡುವುದಾದರೆ ಸ್ಟಡ್ ಶೂ ಹಾಕಿ ಹತ್ತಬೇಡಿ. ಅಲ್ಲಿಗೆ ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬಟು ಇರುವ ಟರ್ಫ್ ಶೂ. ದೊಡ್ಡ ಸ್ಟಡ್ ಟರ್ಫ್‌ನಲ್ಲಿ ಸಿಕ್ಕಿಕೊಂಡರೆ ಪಾದ ಅಲ್ಲೇ ನಿಂತು ಮೊಣಕಾಲು ತಿರುಚುತ್ತದೆ.

ಫುಟ್‌ಬಾಲ್ ಶಿನ್ ಪ್ಯಾಡ್ ಸಾಲದು. ಅದು ಕಾಲಿನ ಒದೆತಕ್ಕೆ ಮಾಡಿದ್ದು, ಅಗಲ ಕಡಿಮೆ, ತೆಳು. ಹಾಕಿಯದ್ದು ಮೀನಖಂಡದ ಪಕ್ಕಕ್ಕೂ ಸುತ್ತಿಕೊಳ್ಳಬೇಕು, ಮೊಣಕಾಲ ಚಿಪ್ಪಿನ ಕೆಳಗೆ ಮೂರು ಬೆರಳು ಬಿಟ್ಟು ಶುರುವಾಗಿ ಹರಡಿನ ಮೂಳೆಯನ್ನು ಮುಚ್ಚಬೇಕು. ಕೂತು, ಎದ್ದು, ಕುಕ್ಕರುಗಾಲಲ್ಲಿ ನೋಡಿ. ಮೇಲಕ್ಕೆ ಜರುಗಿದರೆ ಸೈಜ್ ದೊಡ್ಡದಾಯಿತು.

ಮೌತ್ ಗಾರ್ಡ್ ಬಿಸಿನೀರಲ್ಲಿ ಅದ್ದಿ ಕಚ್ಚುವ ಬಗೆಯದ್ದು ಸಾಕು. ಕುದಿ ಇಳಿದ ನೀರಲ್ಲಿ ಪ್ಯಾಕೆಟ್ ಮೇಲೆ ಹೇಳಿದಷ್ಟೇ ಸೆಕೆಂಡ್ ಇಡಿ, ತಣ್ಣೀರಲ್ಲಿ ಒಂದು ಸಲ ಮುಳುಗಿಸಿ ಮೇಲಿನ ಹಲ್ಲಿಗೆ ಒತ್ತಿ ಕಚ್ಚಿ, ಗಾಳಿ ಹೀರಿಕೊಳ್ಳಿ. ಕುದಿಯುವಾಗಲೇ ಹಾಕಿದರೆ ಮುದ್ದೆಯಾಗುತ್ತದೆ. ಬಾಯಿ ತೆರೆದರೆ ಕೆಳಗೆ ಬೀಳಬಾರದು. ಹಾಲುಹಲ್ಲು ಬೀಳುತ್ತಿರುವ ಮಕ್ಕಳಿಗೆ ಆಗಾಗ ಹೊಸದು ಮಾಡಿಸಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡವರು ದಂತವೈದ್ಯರ ಹತ್ತಿರವೇ ಮಾಡಿಸಲಿ.

ಪ್ರಶ್ನೆ, ಗೋಣಿಕೊಪ್ಪದಿಂದ:
ಅಣ್ಣ, ಸ್ಟಿಕ್ ತಗೊಂಡು ಎಂಟು ತಿಂಗಳು. ತುದಿಯಲ್ಲಿ ಬಣ್ಣ ಹೋಗಿ ಹತ್ತಿಯ ತರಹ ನಾರು ಎದ್ದಿದೆ. ದಿನಾ ಮನೆಯ ಕಾಫಿ ಕಣದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಸ್ಟಿಕ್ಕೇ ಕಳಪೆಯಾ?

ರಿಪೇರಿಯವರು:
ಸ್ಟಿಕ್ ಕಳಪೆಯಲ್ಲ, ಕಣ ಒರಟು. ಸಿಮೆಂಟ್ ನೆಲ ಉಪ್ಪುಕಾಗದ ಇದ್ದ ಹಾಗೆ. ತಳದ ಬಣ್ಣ ಮೊದಲು ಹೋಗುತ್ತದೆ, ಆಮೇಲೆ ರಾಳ, ಕೊನೆಗೆ ನಾರು. ಕಣಕ್ಕೆ ಒಂದು ಹಳೇ ಸ್ಟಿಕ್ ಬೇರೆ ಇಡಿ, ಅಥವಾ ತಲೆಯ ತಳಕ್ಕೆ ಬಟ್ಟೆ ಟೇಪ್ ಸುತ್ತಿ ಸವೆದ ಹಾಗೆ ಬದಲಿಸಿ.

ಮೊದಲು ಗಾಯ ಎಷ್ಟು ಆಳ ಅಂತ ನೋಡಿ. ಸ್ಟಿಕ್ಕನ್ನು ಹಿಡಿಯಲ್ಲಿ ಸಡಿಲವಾಗಿ ತೂಗುಹಾಕಿ, ನಾಣ್ಯದಿಂದ ತಲೆಯಿಂದ ಮೇಲಕ್ಕೆ ಒಂದೊಂದು ಇಂಚಿಗೆ ತಟ್ಟುತ್ತಾ ಬನ್ನಿ. ಸದ್ದು ಟಣ್ ಅಂತ ಇದ್ದರೆ ಮೇಲಿನ ಗಾಯ ಮಾತ್ರ. ಒಂದು ಜಾಗದಲ್ಲಿ ಒಮ್ಮೆಲೇ ಬೊದ್ ಅಂದರೆ ಒಳಗೆ ಪದರ ಬಿಟ್ಟಿದೆ. ದಂಡದ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಕಂಡರೂ ಅಷ್ಟೇ, ಅಂಥದ್ದನ್ನು ಅಂಟಿಸಿ ಆಡಬೇಡಿ. ಪೂರಾ ಹೊಡೆತದಲ್ಲಿ ಮುರಿದು ಚೂರು ಪಕ್ಕದವರ ಮುಖಕ್ಕೆ ಹಾರುತ್ತದೆ.

ಮೇಲಿನ ಗಾಯವಾದರೆ ಮನೆಯಲ್ಲೇ ಆಗುತ್ತದೆ. ಮೊದಲು ಫ್ಯಾನ್ ಕೆಳಗೆ ಒಂದು ದಿನ ಪೂರಾ ಒಣಗಿಸಿ. ತೇವದ ನಾರಿಗೆ ಅಂಟು ಕೂರಲ್ಲ, ಜುಲೈಯಲ್ಲಿ ಮಾಡಿದ ರಿಪೇರಿ ಆಗಸ್ಟ್‌ಗೆ ಏಳುವುದು ಇದೇ ಕಾರಣಕ್ಕೆ. ಎದ್ದ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಎಳೆಯಬೇಡಿ, ಎಳೆದರೆ ಒಳಗಿನ ಪದರವೂ ಬರುತ್ತದೆ. 240 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ತಿಕ್ಕಿ, ಆಮೇಲೆ 400. ಮೂಗಿಗೆ ಮಾಸ್ಕ್ ಬೇಕೇ ಬೇಕು, ಗಾಜಿನ ಪುಡಿ ಅದು. ಒರೆಸಿ ಇನ್ನೊಮ್ಮೆ ಒಣಗಿಸಿ. ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಪ್ಯಾಕ್ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ, ತೆಳ್ಳಗೆ ಒಂದೇ ಪದರ ಸವರಿ, 24 ಗಂಟೆ ಮುಟ್ಟಬೇಡಿ. ಮರದ ಬಿಳಿ ಗೋಂದು ನೀರಿಗೆ ಕರಗುತ್ತದೆ. ಕ್ಷಣದಲ್ಲಿ ಅಂಟುವ ಗಮ್ ಗಡುಸಾಗಿ ಮೊದಲ ಹೊಡೆತಕ್ಕೇ ಸಿಡಿಯುತ್ತದೆ.

ಕೋಚ್:
ಒಂದು ಸೇರಿಸುತ್ತೇನೆ. ಟೇಪ್ ಸುತ್ತಿದ ಮೇಲೂ ಸ್ಟಿಕ್ 51 ಮಿ.ಮೀ. ಒಳವ್ಯಾಸದ ಬಳೆಯಲ್ಲಿ ತೂರಬೇಕು. ಅಂಚು ಚೂಪಾಗಿ ಉಳಿದಿದ್ದರೆ ಅಂಪೈರ್ ಹೊರಗಿಡುತ್ತಾರೆ, ಆಗ ವಾದ ಮಾಡಬೇಡಿ.

ಪ್ರಶ್ನೆ, ಭಾಗಮಂಡಲದಿಂದ:
ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಒಣಗಲ್ಲ. ಶಿನ್ ಗಾರ್ಡ್ ಪೂರಾ ಬೂಷ್ಟು, ವಾಸನೆಗೆ ಕಾರಲ್ಲಿ ಕೂರಲಾಗಲ್ಲ. ಒಲೆ ಮೇಲಿನ ಅಟ್ಟದಲ್ಲಿ ಇಡಬಹುದಾ? ಅಜ್ಜಿ ಎಲ್ಲವನ್ನೂ ಅಲ್ಲೇ ಒಣಗಿಸುವುದು.

ರಿಪೇರಿಯವರು:
ಕೊಡಂಪುಳಿಯಂಥ ಹುಳಿ, ಕಾಳುಮೆಣಸಿಗೆ ಆ ಅಟ್ಟ ಸರಿ. ಸ್ಟಿಕ್ಕಿಗೆ ಬೇಡ. ನಮ್ಮ ಕೈಗೆ ಬರುವ ಸ್ಟಿಕ್ಕುಗಳಲ್ಲಿ ಆಟದಲ್ಲಿ ಮುರಿದದ್ದರಷ್ಟೇ ಒಲೆ ಬಿಸಿಗೆ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಗೆ ಹಾಳಾದದ್ದೂ ಇರುತ್ತವೆ. ಬಿಸಿಗೆ ರಾಳ ಮೆತ್ತಗಾಗಿ ಪದರಗಳ ಹಿಡಿತ ಹೋಗುತ್ತದೆ, ಬಾಗು ಬದಲಾಗುತ್ತದೆ. ಮರದ ಸ್ಟಿಕ್ ಆದರೆ ಒಣಗಿ ಪೆಡಸಾಗಿ ಸೀಳುತ್ತದೆ. ಆಟ ಮುಗಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಬ್ಯಾಗಿನಿಂದ ಹೊರಗೆ ತೆಗೆದು, ಗೋಡೆಯ ಮೊಳೆಗೆ ಅಡ್ಡ ಮಲಗಿಸಿ ಇಡಿ. ಬ್ಯಾಗಿನ ಜಿಪ್ ಹಾಕಿ ಮೂಲೆಗಿಟ್ಟರೆ ಬೂಷ್ಟು ಬಂದೇ ಬರುತ್ತದೆ.

ಶಿನ್ ಗಾರ್ಡಿನ ಗಟ್ಟಿ ಚಿಪ್ಪು ಬಿಚ್ಚಿ ಬರುವಂಥದ್ದಾದರೆ ಬಿಚ್ಚಿ. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಒಳಗಿನ ಮೆತ್ತೆಗೆ ಚೆನ್ನಾಗಿ ಸವರಿ ಅರ್ಧ ಗಂಟೆ ಬಿಡಿ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ಕೈಯಲ್ಲೇ ತೊಳೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ರಾತ್ರಿ ಪೂರಾ ಫ್ಯಾನ್ ಕೆಳಗೆ ನೇತುಹಾಕಿ. ಜೊತೆಗೆ ಬ್ಲೀಚಿಂಗ್ ಹಾಕುವ ಆಸೆ ಬೇಡ. ವಿನಿಗರ್, ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮಾಡಿದರೆ ಜೀವಕ್ಕೆ ಅಪಾಯ.

ಶೂ ಒಳಗಿನ ಹಾಸು ಹೊರತೆಗೆದು, ನ್ಯೂಸ್ ಪೇಪರ್ ಉಂಡೆ ಮಾಡಿ ತುರುಕಿ, ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಮಳೆಯಲ್ಲಿ ಸ್ಟಿಕ್ಕಿನ ಹಿಡಿಗೆ ಸುತ್ತಿದ ಪಿ.ಯು. (ನುಣುಪು ಪ್ಲಾಸ್ಟಿಕ್) ಗ್ರಿಪ್ ಜಾರುತ್ತಿದ್ದರೆ ಶಾಮಿ (ಮೆತ್ತಗಿನ, ಚರ್ಮದಂಥ ಬಟ್ಟೆ) ಗ್ರಿಪ್ ಹಾಕಿಸಿ, ಒದ್ದೆಯಾದಾಗ ಅದರ ಹಿಡಿತ ಚೆನ್ನ. ಹಳೇ ಗ್ರಿಪ್ ಬಿಚ್ಚಿದ ಮೇಲೆ ಉಳಿದ ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಹೊಸದು ಜಾರುತ್ತದೆ. ಹಿಡಿಯ ತುದಿಯಿಂದ ಶುರು ಮಾಡಿ, ಎಳೆದು ಹಿಡಿದು, ಪ್ರತಿ ಸುತ್ತೂ ಹಿಂದಿನದರ ಮೇಲೆ ಎರಡು ಮೂರು ಮಿ.ಮೀ. ಹತ್ತುವ ಹಾಗೆ ಕೆಳಗಿಳಿಸಿ, ಕೊನೆಗೆ ಟೇಪ್.

ಪ್ರಶ್ನೆ, ಮಡಿಕೇರಿಯಿಂದ:
ಕೆನಡಾದಲ್ಲಿರುವ ಚಿಕ್ಕಪ್ಪ ಮಗನ ಹಳೇ ಐಸ್ ಹಾಕಿ ಸಾಮಾನು ಕಳಿಸ್ತೀನಿ ಅಂತಾರೆ. ನಮ್ಮ ಹಾಕಿಗೆ ಯಾವುದಾದರೂ ಆಗುತ್ತಾ?

ಕೋಚ್:
ಬಟ್ಟೆ ಟೇಪ್ ಕಳಿಸಲಿ, ಬಹಳ ಒಳ್ಳೆಯದು. ಸ್ಟಿಕ್ ಬೇಡ, ಅದು ಐದಡಿ ಉದ್ದ, ಎರಡೂ ಬದಿಯಲ್ಲಿ ಪಕ್ (ಅವರ ಬಾಲಿನ ಬದಲಿಗಿರುವ ಚಪ್ಪಟೆ ಬಿಲ್ಲೆ) ಹೊಡೆಯಲು ಮಾಡಿದ್ದು. ಅವರ ಶಿನ್ ಗಾರ್ಡ್ ಮೊಣಕಾಲನ್ನೂ ಸೇರಿಸಿ ಮುಚ್ಚುತ್ತದೆ, ಹಾಕಿಕೊಂಡು ನಮ್ಮವರಂತೆ ಬಗ್ಗಿ ಓಡಲಾಗಲ್ಲ. ಆ ಐಸ್ ಹಾಕಿ ಹೆಲ್ಮೆಟ್ ಹಾಕಿಸಿ ಯಾರನ್ನೂ ಗೋಲಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ, ಸೋಮವಾರಪೇಟೆಯ ಒಬ್ಬ ಪಿ.ಟಿ. ಮೇಷ್ಟ್ರು:
ಶಾಲೆಗೆ ಸೆಕೆಂಡ್ ಹ್ಯಾಂಡ್ ಗೋಲ್‌ಕೀಪರ್ ಕಿಟ್ ಸಿಗುತ್ತಿದೆ. ಏನು ನೋಡಿ ತಗೊಳ್ಳಲಿ?

ರಿಪೇರಿಯವರು:
ಕಾಲಿನ ಪ್ಯಾಡ್, ಕಿಕ್ಕರ್ (ಶೂ ಮೇಲೆ ಕಟ್ಟುವ ಫೋಮ್ ಕವಚ) ತಗೊಳ್ಳಬಹುದು ಸರ್, ಹೆಲ್ಮೆಟ್ ಹೊಸದೇ ತರಿಸಿ. ಒಳಗಿನ ಬಿರುಕು ಹೊರಗೆ ಕಾಣಲ್ಲ, ಎಷ್ಟು ಪೆಟ್ಟು ತಿಂದಿದೆ ಅಂತ ಮಾರುವವರೂ ಹೇಳಲ್ಲ. ಪ್ಯಾಡಿನ ಫೋಮನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿ. ಗುಳಿ ತಕ್ಷಣ ಎದ್ದರೆ ಜೀವ ಇದೆ, ಹಾಗೇ ಉಳಿದರೆ ಬಾಲಿನ ಪೆಟ್ಟು ನೇರ ಮೂಳೆಗೆ. ಪ್ಯಾಡಿನ ಅಗಲ 300 ಮಿ.ಮೀ. ಮೀರಬಾರದು, ಟೇಪ್ ಹಿಡಿದು ನೋಡಿ. ಕಿಕ್ಕರ್ ತಿರುಗಿಸಿ ಪಾದದಡಿಯ ಪಟ್ಟಿ ನೋಡಿ, ಮಣ್ಣಿನ ಮೈದಾನದಲ್ಲಿ ಮೊದಲು ಸವೆಯುವುದು ಅದೇ. ಪಟ್ಟಿ ಬದಲಿಸಬಹುದು, ಫೋಮಿನಲ್ಲಿ ಪಟ್ಟಿ ತೂರುವ ಸೀಳು ಹರಿದಿದ್ದರೆ ಬಿಟ್ಟುಬಿಡಿ.

ನಿಯಮಕ್ಕೆ ಹೆಲ್ಮೆಟ್, ಪ್ಯಾಡ್, ಕಿಕ್ಕರ್ ಇಷ್ಟೇ ಕಡ್ಡಾಯ. ಮಕ್ಕಳಿಗೆ ಎದೆ ಕವಚ, ಗಂಟಲಿನ ಗಾರ್ಡ್, ಕೆಳಹೊಟ್ಟೆಯ ಗಾರ್ಡ್, ಗ್ಲೌಸ್ ಇಲ್ಲದೆ ನಿಲ್ಲಿಸಬೇಡಿ. ಕೆಸರಾದರೆ ಪೈಪ್ ಹಿಡಿದು ತೊಳೆಯಬೇಡಿ. ಫೋಮ್ ನೀರು ಕುಡಿಯಲ್ಲ, ಒಳಗಿನ ಬಟ್ಟೆ ಕುಡಿಯುತ್ತದೆ, ವಾರವಾದರೂ ಒಣಗಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಯಾಡನ್ನು ನೆಟ್ಟಗೆ ನಿಲ್ಲಿಸಿಡಿ. ಸ್ಟೋರ್ ರೂಮಲ್ಲಿ ಅದರ ಮೇಲೆ ಹೈಜಂಪ್ ಮ್ಯಾಟ್ ಹೇರಿದರೆ ಫೋಮ್ ಅದೇ ಆಕಾರಕ್ಕೆ ಕೂತುಬಿಡುತ್ತದೆ. ಹೆಲ್ಮೆಟ್ಟಿನ ಸ್ಕ್ರೂ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ತಿಂಗಳಿಗೊಮ್ಮೆ ಒರೆಸಿ ಬಿಗಿ ಮಾಡಿಸಿ, ಒಂದೆರಡು ಹೆಚ್ಚುವರಿ ಸ್ಕ್ರೂ ಕಿಟ್ ಬ್ಯಾಗಿನಲ್ಲೇ ಇರಲಿ.